ಬರಿಗೈ ಆಟಕ್ಕೆ ಬರಿಗೈಯದೇ ಅಳತೆಗೋಲು ಬೇಕು

ಮಾನ್ಯ ಸಂಪಾದಕರೇ,

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ಮರಳಿ ಬರುತ್ತಿದೆ. ಕ್ರೀಡಾ ಪುಟಗಳಲ್ಲಿ ಇನ್ನು ಈ ಆಟದ ಪರಿಚಯ ಲೇಖನಗಳು ಸಾಲುಗಟ್ಟುತ್ತವೆ. 12 ಇಂಚಿನ ಚೆಂಡು, ಚರ್ಮದ ಗ್ಲೌಸ್, 43 ಅಡಿ ದೂರದಿಂದ ತೋಳು ತಿರುಗಿಸಿ ರಭಸವಾಗಿ ಎಸೆಯುವ ಪಿಚರ್, ಇವೇ ಆ ಲೇಖನಗಳ ಚಿತ್ರ. ತಪ್ಪೇನಿಲ್ಲ. ಆದರೆ ಈ ಆಟ ಹುಟ್ಟಿದ ಊರಾದ ಷಿಕಾಗೊದಲ್ಲಿ ಇವತ್ತಿಗೂ ಇನ್ನೊಂದು ಬಗೆಯ ಸಾಫ್ಟ್‌ಬಾಲ್ ನಡೆಯುತ್ತದೆ. ಅಲ್ಲಿ ಚೆಂಡು 16 ಇಂಚಿನದು, ಹಿಡಿಯುವುದು ಬರಿಗೈಯಲ್ಲಿ. ಆ ಆಟದ ಹೆಸರಾಂತ ಆಟಗಾರರನ್ನೂ ತಂಡಗಳನ್ನೂ ಗೌರವಿಸಲು 1996ರಲ್ಲಿ ಷಿಕಾಗೊ 16 ಇಂಚಿನ ಸಾಫ್ಟ್‌ಬಾಲ್ ಹಾಲ್ ಆಫ್ ಫೇಮ್ ಶುರುವಾಯಿತು. ಇಂಥ ಗೌರವ ಯಾವ ಆಧಾರದ ಮೇಲೆ ಸಲ್ಲಬೇಕು ಎನ್ನುವುದೇ ಈ ಪತ್ರದ ವಿಷಯ. ಬಹುತೇಕ ಯಾರಿಗೂ ಸಂಬಳವಿಲ್ಲದ, ಅಧಿಕೃತ ಅಂಕಿಅಂಶ ಇಡುವವರಿಲ್ಲದ ಆಟವೊಂದರಲ್ಲಿ ದೊಡ್ಡ ಆಟಗಾರ ಯಾರು ಎಂದು ತೀರ್ಮಾನಿಸುವುದು ಸುಲಭವಲ್ಲ. ಬೇಸ್‌ಬಾಲ್‌ನಿಂದ ಎರವಲು ತಂದ ಅಳತೆಗೋಲು ಇಲ್ಲಿ ನಡೆಯುವುದಿಲ್ಲ.

ಮೊದಲಿಗೆ, ಮುದ್ರಣದಲ್ಲಿ ಆಗಾಗ ನುಸುಳುವ ಒಂದು ತಪ್ಪನ್ನು ಸರಿಪಡಿಸಿಬಿಡುತ್ತೇವೆ. 16 ಇಂಚು ಎಂದರೆ ಚೆಂಡಿನ ಸುತ್ತಳತೆ, ವ್ಯಾಸವಲ್ಲ. ಸುತ್ತಳತೆ 40.6 ಸೆಂ.ಮೀ. ಆದರೆ ವ್ಯಾಸ ಸುಮಾರು 13 ಸೆಂ.ಮೀ., ಅಂದರೆ ಸುಲಿದ ತೆಂಗಿನಕಾಯಿಯಷ್ಟು. ತೂಕ 9ರಿಂದ 10 ಔನ್ಸ್, ಸುಮಾರು 255ರಿಂದ 283 ಗ್ರಾಂ. ಒಲಿಂಪಿಕ್ಸ್‌ನಲ್ಲಿ ಕಾಣುವ 12 ಇಂಚಿನ ಚೆಂಡಿನ ವ್ಯಾಸ 10 ಸೆಂ.ಮೀ.ಗೂ ತುಸು ಕಡಿಮೆ. ಈ ಮೂರು ಸೆಂಟಿಮೀಟರ್ ಅಂತರದಲ್ಲೇ ಇಡೀ ಆಟ ಬೇರೆಯಾಗಿಬಿಡುತ್ತದೆ.

ದೊಡ್ಡ ಚೆಂಡು ಷಿಕಾಗೊದವರು ಆಮೇಲೆ ಕಂಡುಕೊಂಡ ಹೊಸತಲ್ಲ, ಅವರು ಕೈಬಿಡದೆ ಉಳಿಸಿಕೊಂಡ ಹಳತು. 1887ರ ನವೆಂಬರ್ 24, ಥ್ಯಾಂಕ್ಸ್‌ಗಿವಿಂಗ್ ದಿನ. ಯೇಲ್ ಮತ್ತು ಹಾರ್ವರ್ಡ್ ನಡುವಿನ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಷಿಕಾಗೊದ ಫರಾಗಟ್ ಬೋಟ್ ಕ್ಲಬ್‌ನಲ್ಲಿ ಸೇರಿದ್ದವರಲ್ಲಿ ಒಬ್ಬರು ಹಳೆಯ ಬಾಕ್ಸಿಂಗ್ ಗ್ಲೌಸ್ ಒಂದನ್ನು ಎಸೆದರು. ಇನ್ನೊಬ್ಬರು ಅದನ್ನು ಕೋಲಿನಿಂದ ಬಾರಿಸಿದರು. ಜಾರ್ಜ್ ಹ್ಯಾನ್‌ಕಾಕ್ ಎಂಬವರು ಆ ಗ್ಲೌಸನ್ನು ಅದರ ದಾರದಿಂದಲೇ ಚೆಂಡಿನಂತೆ ಬಿಗಿದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಂಕಣ ಬರೆದು ಆಟ ಆಡಿಸಿದರು. ಅದೇ ಮೊದಲ ಪಂದ್ಯ. ಸಾಫ್ಟ್‌ಬಾಲ್ ಎಂಬ ಹೆಸರು ಬಂದದ್ದು ಎಷ್ಟೋ ವರ್ಷಗಳ ನಂತರ, 1926ರಲ್ಲಿ. 1933ರಲ್ಲಿ ಷಿಕಾಗೊದ ವಿಶ್ವ ಮೇಳದಲ್ಲಿ ದೊಡ್ಡ ಟೂರ್ನಿ ನಡೆಯಿತು, ಅದೇ ವರ್ಷ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ಮುಂದೆ ದೇಶವೆಲ್ಲ 12 ಇಂಚಿಗೆ ಹೊರಳಿದರೂ ಷಿಕಾಗೊ ಹೊರಳಲಿಲ್ಲ. ಕಾರಣ ಸರಳ. ಅದು ಆರ್ಥಿಕ ಮಹಾಕುಸಿತದ ಕಾಲ. ಒಂದು ಚೆಂಡು, ಒಂದು ಬ್ಯಾಟ್ ಇದ್ದರೆ 20 ಜನ ಆಡಬಹುದಿತ್ತು, ತಲೆಗೊಂದು ಗ್ಲೌಸ್ ಕೊಳ್ಳಬೇಕಾಗಿರಲಿಲ್ಲ. ದೊಡ್ಡ ಚೆಂಡು ದೂರ ಹಾರುವುದಿಲ್ಲವಾದ್ದರಿಂದ ಶಾಲೆಯ ಅಂಗಳವೋ ಖಾಲಿ ನಿವೇಶನವೋ ಸಾಕಾಗುತ್ತಿತ್ತು.

ಬರಿಗೈ ಎನ್ನುವುದು ಹೀಗೆ ಅನಿವಾರ್ಯವಾಗಿ ಬಂದು ಆಟದ ಜೀವಾಳವಾಯಿತು. ಅದನ್ನು ಅಲ್ಲಿಯ ಜನ ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎನ್ನುವುದಕ್ಕೆ ಒಂದೇ ನಿದರ್ಶನ ಸಾಕು. 1977ರಲ್ಲಿ ಗ್ರಾಂಟ್ ಪಾರ್ಕ್‌ನ ಪಂದ್ಯಗಳಲ್ಲಿ ಗ್ಲೌಸ್‌ಗೆ ಅವಕಾಶ ಕೊಟ್ಟಾಗ ಅಂಕಣಕಾರ ಮೈಕ್ ರಾಯ್ಕೊ ನಗರದ ಉದ್ಯಾನ ಆಡಳಿತದ ಮೇಲೆ ದಾವೆ ಹೂಡಿ ಗೆದ್ದರು. 1972ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಪತ್ರಕರ್ತ ಅವರು. ಅವರ ಹೆಸರು ಇಂದು 16 ಇಂಚಿನ ಆಟದ ಹಾಲ್ ಆಫ್ ಫೇಮ್‌ನಲ್ಲೂ ಇದೆ.

ಈಗ ಚೆಂಡಿನ ಸ್ವಭಾವಕ್ಕೆ ಬರೋಣ, ಏಕೆಂದರೆ ಆಟಗಾರನ ಬೆಲೆ ಕಟ್ಟುವ ಲೆಕ್ಕವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಷಿಕಾಗೊದಲ್ಲಿ ಮನೆಮಾತಾಗಿರುವುದು ಡಿಬೀರ್ ಕಂಪನಿಯ ಕ್ಲಿಂಚರ್ ಚೆಂಡು. ಮೇಲೆ ಚರ್ಮದ ಹೊದಿಕೆ. ಹೊಲಿಗೆಯ ಅಂಚು ಒಳಕ್ಕೆ ಸೇರಿಕೊಂಡಿರುವುದರಿಂದ ಬೇಸ್‌ಬಾಲ್‌ನಲ್ಲಿ ಬೆರಳಿಗೆ ಸಿಗುವಂಥ ಉಬ್ಬಿದ ಹೊಲಿಗೆ ಇಲ್ಲಿಲ್ಲ. ಪೊಟ್ಟಣದಿಂದ ತೆಗೆದ ಹೊಸ ಚೆಂಡು ಕಲ್ಲಿನಂತೆ ಗಟ್ಟಿ. ಏಟು ಬಿದ್ದಂತೆಲ್ಲ ಒಳಗಿನ ತಿರುಳು ಸಡಿಲವಾಗಿ, ಕೊನೆಯ ಇನಿಂಗ್ಸ್‌ಗಳ (ಪಂದ್ಯಕ್ಕೆ ಏಳು, ಒಂದೊಂದರಲ್ಲೂ ಎರಡೂ ತಂಡಗಳಿಗೆ ಒಂದೊಂದು ಬ್ಯಾಟಿಂಗ್ ಸರದಿ) ಹೊತ್ತಿಗೆ ಹೆಬ್ಬೆರಳಿಂದ ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಾಗುತ್ತದೆ. ಮಷ್‌ಬಾಲ್ ಎಂಬ ಅಡ್ಡಹೆಸರು ಬಂದಿರುವುದು ಇದರಿಂದಲೇ.

ಹಾಗಾಗಿ ಮೊದಲ ಇನಿಂಗ್ಸ್‌ನ ಹೋಮ್‌ರನ್ (ಒಂದೇ ಹೊಡೆತಕ್ಕೆ ಅಂಕಣದ ನಾಲ್ಕೂ ಮೂಲೆಯ ಬೇಸ್ ಸುತ್ತಿ ಬರುವ ಓಟ) ಬೇರೆ, ಏಳನೆಯದರ ಹೋಮ್‌ರನ್ ಬೇರೆ. ಗಟ್ಟಿ ಚೆಂಡನ್ನು ಫೀಲ್ಡರ್‌ಗಳ ತಲೆಯ ಮೇಲಿಂದ ಹಾರಿಸಲು ಬಲವಿದ್ದರೆ ಸಾಕು. ಮೆತ್ತಗಾದ ಚೆಂಡು ಬ್ಯಾಟಿಗೆ ತಗುಲಿದಾಗ ಚಪ್ಪಟೆಯಾಗಿ ಏಟಿನ ಶಕ್ತಿಯನ್ನೆಲ್ಲ ತಾನೇ ನುಂಗಿಬಿಡುತ್ತದೆ, ಆಗ ಬಲಕ್ಕಿಂತ ಜಾಗ ಹುಡುಕಿ ಹೊಡೆಯುವ ಕಣ್ಣು ಮುಖ್ಯ. ಪಂದ್ಯದ ನಡುವೆ ಚೆಂಡು ಹರಿದೋ ಕಳೆದೋ ಹೊಸದು ಬಂದರೆ ಲೆಕ್ಕ ಮತ್ತೆ ತಲೆಕೆಳಗು. ಆದರೆ ಹಳೆಯ ಸ್ಕೋರ್ ಪುಸ್ತಕಗಳಲ್ಲಿ ಎಷ್ಟನೇ ಇನಿಂಗ್ಸ್‌ನಲ್ಲಿ ಚೆಂಡು ಬದಲಾಯಿತು ಎಂದು ಬರೆಯುವ ಅಂಕಣವೇ ಇರುವುದಿಲ್ಲ. ಇಂದು ಸ್ಕೋರ್ ಬರೆಯುವವರು ಅಂಚಿನಲ್ಲಿ ಒಂದು ಗುರುತು ಹಾಕಿದರೂ ಸಾಕು, 20 ವರ್ಷಗಳ ನಂತರ ಆಯ್ಕೆ ಸಮಿತಿಯ ಮುಂದೆ ಅದು ಸಾಕ್ಷಿಯಾಗುತ್ತದೆ.

ಬ್ಯಾಟಿಂಗ್ ಸರಾಸರಿಯನ್ನೇ, ಅಂದರೆ ಬ್ಯಾಟ್ ಹಿಡಿದ ಸರದಿಗಳಲ್ಲಿ ಎಷ್ಟು ಹಿಟ್ (ಬ್ಯಾಟ್ಸ್‌ಮನ್‌ನನ್ನು ಸುರಕ್ಷಿತವಾಗಿ ಬೇಸ್‌ಗೆ ಮುಟ್ಟಿಸುವ ಹೊಡೆತ) ಎಂಬ ಲೆಕ್ಕವನ್ನೇ, ನೆಚ್ಚಿಕೊಳ್ಳಬಾರದು ಎನ್ನಲು ಇನ್ನೂ ದೊಡ್ಡ ಕಾರಣವಿದೆ. ಪಂದ್ಯಕ್ಕೆ 7 ಇನಿಂಗ್ಸ್, ಒಂದೊಂದಕ್ಕೆ 3ರಂತೆ ತಂಡಕ್ಕೆ 21 ಔಟ್, ಬ್ಯಾಟ್ ಹಿಡಿಯುವವರು 10 ಜನ. ಒಬ್ಬೊಬ್ಬರಿಗೆ ಸಿಗುವುದು ಮೂರೋ ನಾಲ್ಕೋ ಸರದಿ. ಋತುವಿಗೆ 30 ಪಂದ್ಯ ಆಡಿದರೂ ಸುಮಾರು 100 ಸಲ ಬ್ಯಾಟ್ ಹಿಡಿದಂತಾಯಿತು. ಅಲ್ಲಿ .550 ಮತ್ತು .600 ಸರಾಸರಿಗಳ ನಡುವಿನ ಅಂತರ ಬರೀ 5 ಹಿಟ್. ಆ ಐದನ್ನು ಹಿಟ್ ಎಂದವರು ಯಾರು? ರಭಸದಿಂದ ಬಂದ ನೆಲಚೆಂಡು ಶಾರ್ಟ್‌ಸ್ಟಾಪ್‌ನ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಅಂಗೈಗೆ ಬಡಿದು ಸಿಡಿದು ಹೋಯಿತು ಎನ್ನಿ. ಗ್ಲೌಸ್ ಇದ್ದ ಆಟದಲ್ಲಿ ಅದು ಫೀಲ್ಡರ್‌ನ ತಪ್ಪು. ಬರಿಗೈಯಲ್ಲಿ? ಒಬ್ಬ ಸ್ಕೋರರ್ ಹಿಟ್ ಎಂದು ಬರೆಯುತ್ತಾರೆ, ಇನ್ನೊಬ್ಬರು ಎರರ್ ಎನ್ನುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಉದಾರವಾಗಿ ಹಿಟ್ ಕೊಡುವ ಸ್ಕೋರರ್ ಇದ್ದ ಮೈದಾನದಲ್ಲಿ ಆಡಿದವನ ಸರಾಸರಿ ಉಬ್ಬಿರುತ್ತದೆ, ಬಿಗಿಯಾದವರ ಕೈಕೆಳಗೆ ಆಡಿದವನದು ಕುಗ್ಗಿರುತ್ತದೆ. ಒಂದೇ ಲೀಗ್‌ನ, ಒಂದೇ ಮೈದಾನದ, ಸಾಧ್ಯವಾದರೆ ಒಬ್ಬರೇ ಸ್ಕೋರರ್ ಬರೆದ ಅಂಕಿಗಳನ್ನು ಮಾತ್ರ ಹೋಲಿಸಬೇಕು. ಬೇರೆ ಬೇರೆ ಉದ್ಯಾನಗಳ ಸರಾಸರಿಗಳನ್ನು ಒಟ್ಟಿಗೆ ಪಟ್ಟಿ ಮಾಡಿ ಮೇಲಿನಿಂದ ಕೆಳಕ್ಕೆ ಅಂಕ ಹಾಕುವುದು ಅನ್ಯಾಯ.

ನಮ್ಮ ದೃಷ್ಟಿಯಲ್ಲಿ ಈ ಆಟದ ನಿಜವಾದ ಪರೀಕ್ಷೆ ಇರುವುದು ಫೀಲ್ಡಿಂಗ್‌ನಲ್ಲಿ. ಬರಿಗೈಯಲ್ಲಿ ಇಷ್ಟು ದೊಡ್ಡ ಚೆಂಡು ಹಿಡಿಯುವುದಕ್ಕೆ ಒಂದು ಕ್ರಮವಿದೆ. ಎದೆಯ ಮಟ್ಟಕ್ಕಿಂತ ಮೇಲೆ ಬರುವ ಚೆಂಡಿಗೆ ಬೆರಳು ಆಕಾಶ ನೋಡಬೇಕು, ಹೆಬ್ಬೆರಳುಗಳು ಹತ್ತಿರ ಇರಬೇಕು. ಸೊಂಟಕ್ಕಿಂತ ಕೆಳಗೆ ಬಂದರೆ ಬೆರಳು ನೆಲ ನೋಡಬೇಕು, ಕಿರುಬೆರಳುಗಳು ಜೋಡಿಯಾಗಬೇಕು. ಬೆರಳ ತುದಿ ಮಾತ್ರ ಯಾವ ಕಾರಣಕ್ಕೂ ಚೆಂಡಿನತ್ತ ನೇರವಾಗಿ ಚಾಚಿರಬಾರದು. ಚೆಂಡು ಅಂಗೈ ಮುಟ್ಟಿದ ಕ್ಷಣವೇ ಮೊಣಕೈ ಮಡಚಿ ಕೈಗಳನ್ನು ಮೈಯತ್ತ ಎಳೆದುಕೊಂಡರೆ ರಭಸ ಇಳಿಯುತ್ತದೆ, ಕಡೆಗೆ ಎದೆಗೋ ಹೊಟ್ಟೆಗೋ ಅವಚಿ ಭದ್ರಪಡಿಸಿಕೊಳ್ಳಬಹುದು. ಕೈಯನ್ನು ಮುಂದೆ ಚಾಚಿ ಬಿರುಸಾಗಿ ಇಟ್ಟುಕೊಂಡವನ ಕೈಯಿಂದ ಚೆಂಡು ಗೋಡೆಗೆ ಬಡಿದಂತೆ ಚಿಮ್ಮುತ್ತದೆ.

ತಪ್ಪಿದರೆ ಆಗುವ ಗಾಯವೂ ಈ ಆಟಕ್ಕೆ ಅಂಟಿಕೊಂಡದ್ದು. ಚೆಂಡು ಬೆರಳ ತುದಿಗೆ ನೇರ ಬಡಿದಾಗ ಕೊನೆಯ ಗೆಣ್ಣು ಥಟ್ಟನೆ ಮಡಚಿಕೊಂಡು, ಅದನ್ನು ನೆಟ್ಟಗೆ ಎತ್ತಿಹಿಡಿಯುವ ಸ್ನಾಯುರಜ್ಜು ಹರಿಯುತ್ತದೆ. ಆಮೇಲೆ ಬೆರಳ ತುದಿ ತಾನಾಗಿ ಮೇಲೇಳುವುದಿಲ್ಲ, ಜೋತುಬೀಳುತ್ತದೆ. ಆರರಿಂದ ಎಂಟು ವಾರ ಬಿಡದೆ ಪಟ್ಟಿ ಕಟ್ಟಿ ಗೆಣ್ಣನ್ನು ನೆಟ್ಟಗಿಟ್ಟರೆ ಮಾತ್ರ ಅದು ಕೂಡಿಕೊಳ್ಳುವುದು. ನಡುವೆ ಒಂದೇ ಸಲ ಮಡಚಿದರೂ ಎಣಿಕೆ ಮತ್ತೆ ಮೊದಲಿನಿಂದ. ಋತುವಿನ ಮಧ್ಯೆ ಅಷ್ಟು ದಿನ ಕಾಯದವರ ಬೆರಳು ಬದುಕಿಡೀ ಸೊಟ್ಟಗೇ ಉಳಿಯುತ್ತದೆ. ಷಿಕಾಗೊದ ಹಳೆಯ ಆಟಗಾರರ ಸೊಟ್ಟ ಬೆರಳುಗಳನ್ನು ಪದಕದಂತೆ ಕಾಣುವ ರೂಢಿಯಿದೆ. ಆ ಅಭಿಮಾನ ನಮಗೆ ಅರ್ಥವಾಗುತ್ತದೆ, ಆದರೆ ಸೊಟ್ಟ ಬೆರಳು ಆಟಗಾರನ ಯೋಗ್ಯತೆಯ ಪುರಾವೆಯಲ್ಲ. ಹತ್ತಾರು ವರ್ಷ ಒಳಾಂಗಣದಲ್ಲಿ, ಅಂದರೆ ಮೈದಾನದ ಬೇಸ್‌ಗಳ ಆಸುಪಾಸಿನ ಜಾಗದಲ್ಲಿ, ನಿಂತು ಆಡಿ, ಹತ್ತೂ ಬೆರಳು ನೆಟ್ಟಗೆ ಉಳಿಸಿಕೊಂಡವನ ಕೈ ಇನ್ನೂ ಬಲ್ಲಿದ ಕೈ.

ಹಿಡಿದ ಮೇಲೆ ಎಸೆಯಬೇಕಲ್ಲ. 13 ಸೆಂ.ಮೀ. ಅಗಲದ ಚೆಂಡನ್ನು ಎರಡು ಬೆರಳಿನ ನಡುವೆ ಹಿಡಿದು ಮಣಿಕಟ್ಟು ಝಾಡಿಸಿ ಎಸೆಯಲು ಬರುವುದಿಲ್ಲ. ಐದೂ ಬೆರಳು ಹರಡಿ, ಅಂಗೈಯ ಮೇಲ್ಭಾಗದಲ್ಲಿ ಕೂರಿಸಿಕೊಂಡು, ಭುಜದಿಂದ ಪೂರ್ತಿ ತೋಳು ಬೀಸಬೇಕು. ಸಣ್ಣ ಕೈಯವರ ಎಸೆತ ಬೆರಳಿನಿಂದ ಮೊದಲೇ ಜಾರಿ ಮೇಲಕ್ಕೆ ಹೋಗುತ್ತದೆ. ಮಳೆಗೆ ನೆನೆದ ಚೆಂಡಾದರೆ ಚರ್ಮ ನೀರು ಕುಡಿದು ಭಾರವಾಗಿ ಬೇಸ್‌ಗಿಂತ ಮೊದಲೇ ನೆಲ ಕಚ್ಚುತ್ತದೆ. ಪುರುಷರ ಅಂಕಣದಲ್ಲಿ ಬೇಸ್‌ನಿಂದ ಬೇಸ್‌ಗೆ 55 ಅಡಿ. ಗ್ಲೌಸ್ ಆಟದ 60 ಅಡಿಗಿಂತ ಐದು ಅಡಿ ಕಡಿಮೆ, ಅಂದರೆ ಓಟಗಾರ ಅಷ್ಟು ಬೇಗ ತಲುಪುತ್ತಾನೆ. ಎಡವಿದ ಚೆಂಡನ್ನು ಮತ್ತೆ ಎತ್ತಿಕೊಳ್ಳುವಷ್ಟು ಬಿಡುವು ಫೀಲ್ಡರ್‌ಗೆ ಸಿಗುವುದಿಲ್ಲ. ಒಬ್ಬ ಶಾರ್ಟ್‌ಸ್ಟಾಪ್ ಎಷ್ಟು ಚೆಂಡು ಕೈಬಿಟ್ಟ ಎಂದು ಎಣಿಸುವ ಬದಲು ಎಷ್ಟು ಚೆಂಡುಗಳನ್ನು ಔಟ್ ಆಗಿಸಿದ ಎಂದು ಎಣಿಸಬೇಕು. ಕೈ ನೋಯುತ್ತದೆಂದು ಚೆಂಡಿನತ್ತ ಹೋಗದವನ ಖಾತೆಯಲ್ಲಿ ಎರರ್ ಕಡಿಮೆಯೇ ಇರುತ್ತದೆ.

ಪಿಚರ್‌ಗಳ ವಿಷಯದಲ್ಲೂ ಇದೇ ತೊಡಕು. 38 ಅಡಿಯಿಂದ ನಿಧಾನವಾಗಿ, ಕಮಾನಿನಂತೆ ಬರುವ ಎಸೆತ ಕಂಡು ಇದರಲ್ಲಿ ಕಷ್ಟವೇನಿದೆ ಎಂದು ಅನ್ನಿಸಬಹುದು. ಕೈ ಬೀಸಿ ಬಿಡುವ ಮುನ್ನ ಪಿಚರ್ ಎರಡು ಸಲದವರೆಗೆ ತಡೆದು ನಿಲ್ಲಿಸಬಹುದು ಎಂಬ ನಿಯಮದಲ್ಲಿದೆ ಅದರ ಮರ್ಮ. ಬ್ಯಾಟ್ ಎತ್ತಿದವನ ತೂಕ ಮುಂಗಾಲಿಗೆ ಬಂದುಬಿಟ್ಟಿರುತ್ತದೆ, ಚೆಂಡು ಇನ್ನೂ ಪಿಚರ್‌ನ ಕೈಯಲ್ಲೇ ಇರುತ್ತದೆ. ಆ ಒಂದು ಗಳಿಗೆಯ ಹೊಂದಾಣಿಕೆ ತಪ್ಪಿತೆಂದರೆ ಏಟಿನಲ್ಲಿ ಸತ್ವವಿಲ್ಲ, ಚೆಂಡು ನೆಟ್ಟಗೆ ಮೇಲೇರಿ ಒಳಾಂಗಣದಲ್ಲೇ ಇಳಿಯುತ್ತದೆ. ಬಾಬ್‌ಕ್ಯಾಟ್ಸ್ ತಂಡದ ಎಡ್ಡಿ ಜೋಲ್ನಾ ಅವರ ಹೆಸರನ್ನು ಈ ಆಟದ ಅತಿ ದೊಡ್ಡ ಪಿಚರ್‌ಗಳ ಸಾಲಿನಲ್ಲಿ ಹೇಳುವುದು ಸ್ಟ್ರೈಕ್‌ಔಟ್ ಎಣಿಕೆಯಿಂದಲ್ಲ. ಇಲ್ಲಿ ಸ್ಟ್ರೈಕ್‌ಔಟ್, ಅಂದರೆ ಸರಿಯಾದ ಎಸೆತಗಳನ್ನು ಹೊಡೆಯಲಾಗದೆ ಬ್ಯಾಟ್ಸ್‌ಮನ್ ಔಟಾಗುವುದೇ ಅಪರೂಪ. ಪಿಚರ್‌ಗಳನ್ನು ತೂಗುವಾಗ ಒಳಾಂಗಣದಲ್ಲೇ ಸಿಕ್ಕಿಬಿದ್ದ ಎತ್ತರದ ಚೆಂಡುಗಳನ್ನೂ, ಪಿಚರ್ ತಾನೇ ಬರಿಗೈಯಲ್ಲಿ ಹಿಡಿದು ಔಟ್ ಮಾಡಿದ ನೆಲಚೆಂಡುಗಳನ್ನೂ ಲೆಕ್ಕಕ್ಕೆ ತರಬೇಕು. ಎಸೆದ ಮರುಕ್ಷಣ ಬ್ಯಾಟ್ಸ್‌ಮನ್‌ಗೆ ಅವನಷ್ಟು ಹತ್ತಿರ ಎದುರಾಗಿ ನಿಂತ ಫೀಲ್ಡರ್ ಮತ್ತೊಬ್ಬನಿಲ್ಲ.

ಹತ್ತನೆಯ ಆಟಗಾರನ ಬಗ್ಗೆ ಎರಡೇ ಮಾತು. ಎರಡನೇ ಬೇಸ್‌ನ ಹಿಂದೆ, ಒಳಾಂಗಣ ಮತ್ತು ಹೊರಾಂಗಣದ ನಡುವೆ ನಿಲ್ಲುವ ಈ ಶಾರ್ಟ್ ಸೆಂಟರ್‌ನ ಕೆಲಸ ಸ್ಕೋರ್ ಪುಸ್ತಕದಲ್ಲಿ ಪೂರ್ತಿ ಕಾಣಿಸುವುದಿಲ್ಲ. ಅವನು ಅಲ್ಲಿದ್ದಾನೆಂಬ ಕಾರಣಕ್ಕೆ ಬ್ಯಾಟ್ಸ್‌ಮನ್ ಬೇರೆಡೆಗೆ ಹೊಡೆಯುತ್ತಾನೆ. ಇದನ್ನು ಹೇಳಬಲ್ಲವರು ಎದುರಾಳಿ ಬ್ಯಾಟ್ಸ್‌ಮನ್‌ಗಳು ಮಾತ್ರ.

ಸಾಕ್ಷಿಗಳ ಪ್ರಶ್ನೆ ಬರುವುದು ಇಲ್ಲಿಯೇ. ನಾಮನಿರ್ದೇಶನದ ಪತ್ರಗಳನ್ನು ಸಾಮಾನ್ಯವಾಗಿ ಬರೆಯುವವರು ಜೊತೆಗೆ ಆಡಿದ ಗೆಳೆಯರು. ಅವರ ಪ್ರೀತಿ ದೊಡ್ಡದು, ಆದರೆ ಆಧಾರವಾಗಿ ಅದು ಸಾಲದು. ಪ್ರತಿ ಹೆಸರಿಗೂ ಕನಿಷ್ಠ ಇಬ್ಬರು ಎದುರಾಳಿ ಆಟಗಾರರ, ಒಬ್ಬ ಅಂಪೈರ್‌ನ ಹೇಳಿಕೆ ಇರಬೇಕು ಎನ್ನುವುದು ನಮ್ಮ ಅಭಿಪ್ರಾಯ. ಹೇಳಿಕೆ ಪಡೆಯುವಾಗ ಅವನು ಎಷ್ಟು ಒಳ್ಳೆಯ ಆಟಗಾರ ಎಂದು ಕೇಳಿದರೆ ಹೊಗಳಿಕೆಯಷ್ಟೇ ಸಿಗುತ್ತದೆ. ಅವನು ಬ್ಯಾಟ್ ಹಿಡಿದಾಗ ನಿಮ್ಮ ಫೀಲ್ಡರ್‌ಗಳನ್ನು ಎಲ್ಲಿ ನಿಲ್ಲಿಸುತ್ತಿದ್ದಿರಿ, ಅವನ ಕಡೆಗೆ ಹೊಡೆದ ಚೆಂಡಿಗೆ ನಿಮ್ಮ ಓಟಗಾರ ಮುಂದಿನ ಬೇಸ್‌ಗೆ ಓಡುತ್ತಿದ್ದನೇ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ಹಿರಿಯ ಆಟಗಾರರ ವಯಸ್ಸು ನೋಡಿದರೆ ಈ ಕೆಲಸವನ್ನು ಮುಂದಿನ ವರ್ಷಕ್ಕೆ ದೂಡುವಂತಿಲ್ಲ.

ತಂಡಗಳ ಗೌರವದಲ್ಲಿ ಇನ್ನೊಂದು ಗೋಜಲಿದೆ. ಬಾಬ್‌ಕ್ಯಾಟ್ಸ್, ಸೋಬೀಸ್, ಸ್ಟ್ರೈಕರ್ಸ್‌ನಂಥ ಹೆಸರುಗಳು ಜನರ ಬಾಯಲ್ಲಿ ಉಳಿದಿವೆ. ಆದರೆ ಉದ್ಯಾನ ಲೀಗ್‌ಗಳ ಅನೇಕ ತಂಡಗಳ ಅಂಗಿಯ ಮೇಲೆ ಇರುತ್ತಿದ್ದುದು ಆ ವರ್ಷ ಅಂಗಿ ಹೊಲಿಸಿಕೊಟ್ಟ ಪ್ರಾಯೋಜಕರ ಹೆಸರು. ಪ್ರಾಯೋಜಕರು ಬದಲಾದರೆ ತಂಡದ ಹೆಸರೂ ಬದಲು. ಅದೇ ಹತ್ತು ಜನ ಮೂರು ಋತುಗಳಲ್ಲಿ ಮೂರು ಹೆಸರಿನಲ್ಲಿ ಆಡಿದ್ದರೆ ದಾಖಲೆಯಲ್ಲಿ ಮೂರು ಸಣ್ಣ ತಂಡಗಳಾಗಿ ಕಾಣುತ್ತಾರೆ. ಒಂದೇ ಹೆಸರಿನಲ್ಲಿ ಆಟಗಾರರೆಲ್ಲ ಬದಲಾಗಿದ್ದರೂ ಒಂದು ದೊಡ್ಡ ತಂಡದಂತೆ ತೋರುತ್ತದೆ. ಆದ್ದರಿಂದ ತಂಡವನ್ನು ಹೆಸರಿನಿಂದ ಗುರುತಿಸದೆ ಆಟಗಾರರ ಪಟ್ಟಿಯಿಂದ ಗುರುತಿಸಬೇಕು. ಹತ್ತರಲ್ಲಿ ಆರು ಜನ ನಾಲ್ಕು ಋತು ಒಟ್ಟಿಗೆ ಆಡಿದ್ದರೆ ಅದನ್ನು ಒಂದೇ ತಂಡ ಎಂದು ಒಪ್ಪಬಹುದು. ಬರಿಗೈ ಆಟದಲ್ಲಿ ಈ ಒಡನಾಟಕ್ಕೆ ಬೆಲೆ ಹೆಚ್ಚು. ಶಾರ್ಟ್‌ಸ್ಟಾಪ್ ಎಸೆದ ಚೆಂಡು ಎರಡನೇ ಬೇಸ್‌ನವನ ಎದೆಗೆ ಬರುತ್ತದೋ ಮೊಣಕಾಲಿಗೆ ಬರುತ್ತದೋ ಎನ್ನುವುದು ಅಭ್ಯಾಸದಿಂದ ಮಾತ್ರ ತಿಳಿಯುವಂಥದು, ಗ್ಲೌಸ್ ಇಲ್ಲದವನ ಬೆರಳು ಅದನ್ನೇ ನಂಬಿರುತ್ತದೆ. ಬಾಜಿಗೆ ಹಣ ಕಟ್ಟಿ ಆಡುತ್ತಿದ್ದ ಪಂದ್ಯಗಳನ್ನು ಎಣಿಕೆಯಿಂದ ಹೊರಗಿಡಬೇಕೆಂಬ ವಾದವೂ ಇದೆ. ನಾವು ಒಪ್ಪುವುದಿಲ್ಲ. ಅತ್ಯಂತ ಗಟ್ಟಿಯಾದ ಪೈಪೋಟಿ ಅಲ್ಲಿಯೇ ನಡೆಯುತ್ತಿತ್ತು. ಅಂಕಿಗಳಿಲ್ಲದಿದ್ದರೂ ಎದುರಾಳಿಗಳ ಹೇಳಿಕೆಯಿಂದ ಅವನ್ನು ದಾಖಲಿಸಬಹುದು.

ಗೌರವ ಸಲ್ಲಿಸಿದರೆ ಮುಗಿಯಲಿಲ್ಲ, ಆಧಾರಗಳು ಉಳಿಯಬೇಕು. ಷಿಕಾಗೊಗೆ ಹೊಂದಿಕೊಂಡ ಫಾರೆಸ್ಟ್ ಪಾರ್ಕ್‌ನಲ್ಲಿ ಈ ಆಟದ ವಸ್ತುಸಂಗ್ರಹಾಲಯವಿದೆ. ಗ್ಲೌಸ್ ಇಲ್ಲದವರ ರಾಷ್ಟ್ರೀಯ ಟೂರ್ನಿ, ನೋ ಗ್ಲೌಸ್ ನ್ಯಾಷನಲ್ಸ್ ನಡೆಯುವುದೂ ಅದೇ ಊರಿನಲ್ಲಿ. ಆದರೆ ಹೆಚ್ಚಿನ ವಸ್ತುಗಳು ಆಟಗಾರರ ಮನೆಗಳಲ್ಲೇ ಉಳಿದಿರುತ್ತವೆ. ಗೆದ್ದ ಪಂದ್ಯದ ಚೆಂಡಿಗೆ ಎಣ್ಣೆ ಹಚ್ಚಿ ಹೊಳಪು ಕೊಡುವುದು ಮನೆಯವರು ಮಾಡುವ ಮೊದಲ ತಪ್ಪು. ಎಣ್ಣೆ ಚರ್ಮವನ್ನು ಕಪ್ಪಾಗಿಸುತ್ತದೆ, ಸಹಿಗಳ ಶಾಯಿ ಹರಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಒಳಗೇ ಸಿಕ್ಕಿ ಬೂಷ್ಟು ಹಿಡಿಯುತ್ತದೆ. ಮೆತ್ತಗಾದ ಚೆಂಡು ವರ್ಷಗಟ್ಟಲೆ ಒಂದೇ ಮಗ್ಗುಲಲ್ಲಿ ಕೂತರೆ ತನ್ನ ಭಾರಕ್ಕೆ ತಾನೇ ಚಪ್ಪಟೆಯಾಗುತ್ತದೆ, ಅದಕ್ಕೆ ಕೆಳಗೆ ಸಿಂಬೆಯಂಥ ಆಸರೆ ಬೇಕು. ಬಿಸಿಲಿಲ್ಲದ, ತೇವಾಂಶ ಶೇ 45ರಿಂದ 55ರ ಆಸುಪಾಸಿನಲ್ಲಿರುವ ಕೋಣೆ ಒಳ್ಳೆಯದು. ಫೋಟೊಗಳ ಹಿಂದೆ ಹೆಸರು ಬರೆಯುವುದಾದರೆ ಮೆದು ಪೆನ್ಸಿಲ್‌ನಲ್ಲಿ ಬರೆಯಬೇಕು. ಬಾಲ್‌ಪೆನ್ ಒತ್ತಿದ ಗೆರೆ ಮುಂದಿನ ಮುಖಗಳ ಮೇಲೆ ಮೂಡುತ್ತದೆ.

ಎಲ್ಲಕ್ಕಿಂತ ಬೇಗ ಹಾಳಾಗುವುದು ಪತ್ರಿಕೆಯ ತುಣುಕು. ನಿಮಗೆ ಈ ಪತ್ರ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ. ಲೀಗ್‌ಗಳ ಕಡತಗಳು ಕಳೆದುಹೋದಲ್ಲಿ ಉಳಿದಿರುವ ಒಂದೇ ಆಧಾರ ಅಂದಿನ ಪತ್ರಿಕೆಗಳ ಮೂಲೆಯಲ್ಲಿ ಅಚ್ಚಾದ ಫಲಿತಾಂಶದ ನಾಲ್ಕು ಸಾಲು. ಅಭಿಮಾನಿಗಳು ಅದನ್ನು ಕತ್ತರಿಸುವಾಗ ಮೇಲಿನ ದಿನಾಂಕವೂ ಪತ್ರಿಕೆಯ ಹೆಸರೂ ಕತ್ತರಿಗೆ ಹೋಗಿರುತ್ತವೆ, ಆಮೇಲೆ ಅಂಟುಪಟ್ಟಿ ಹಾಕಿ ಆಲ್ಬಮ್‌ಗೆ ಅಂಟಿಸಿರುತ್ತಾರೆ. ಪತ್ರಿಕೆಯ ಕಾಗದ ತನ್ನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ. ಲ್ಯಾಮಿನೇಷನ್ ಅದನ್ನು ತಡೆಯುವುದಿಲ್ಲ, ಒಳಗಿನ ಕಾಗದವನ್ನು ಮತ್ತೆ ಬಿಡಿಸಲಾಗದಂತೆ ಮಾಡುತ್ತದೆ ಅಷ್ಟೇ. ತುಣುಕಿನ ಜೊತೆ ಪುಟದ ತಲೆಸಾಲನ್ನೂ ಸೇರಿಸಿ 300 ಡಿಪಿಐನಲ್ಲಿ, ಫೋಟೊಗಳನ್ನಾದರೆ 600ರಲ್ಲಿ ಸ್ಕ್ಯಾನ್ ಮಾಡಿ, ಮೂಲವನ್ನು ಆಮ್ಲರಹಿತ ಕಾಗದದ ನಡುವೆ ಸಡಿಲವಾಗಿ ಇಡಬೇಕು.

ತುಣುಕು ಉಳಿದರೂ ಅದರಲ್ಲಿರುವುದು ಬಹಳ ಸಲ ಅಡ್ಡಹೆಸರು ಮಾತ್ರ. ಅದೇ ಅಡ್ಡಹೆಸರಿನವರು ಉತ್ತರ ಭಾಗದ ಉದ್ಯಾನದಲ್ಲೊಬ್ಬರು, ದಕ್ಷಿಣದಲ್ಲೊಬ್ಬರು ಇದ್ದರೆ ಯಾರ ಹಿಟ್ ಯಾರ ಖಾತೆಗೆ ಎಂದು ತಿಳಿಯದೆ ಸಮಿತಿ ಕೈಚೆಲ್ಲಬೇಕಾಗುತ್ತದೆ. ಆದ್ದರಿಂದ ತಮ್ಮಲ್ಲಿ ನಮ್ಮದೊಂದು ಕೋರಿಕೆ. ಒಲಿಂಪಿಕ್ಸ್ ಹೊತ್ತಿಗೆ ಷಿಕಾಗೊದ ಬರಿಗೈ ಆಟದ ಬಗ್ಗೆ ಪ್ರಕಟಿಸುವುದಾದರೆ ತಂಡದ ಚಿತ್ರದ ಕೆಳಗೆ ಎಡದಿಂದ ಬಲಕ್ಕೆ ಹತ್ತೂ ಜನರ ಪೂರ್ತಿ ಹೆಸರು, ಅವರು ನಿಲ್ಲುತ್ತಿದ್ದ ಜಾಗ, ಋತುವಿನ ವರ್ಷ ಮತ್ತು ಮೈದಾನದ ಹೆಸರು ಅಚ್ಚಾಗಲಿ. ಸ್ಥಳ ಸಾಲದೆ ಏನನ್ನಾದರೂ ಬಿಡಲೇಬೇಕಾದರೆ ವಿಶೇಷಣಗಳನ್ನು ಬಿಡಿ, ಹೆಸರುಗಳನ್ನಲ್ಲ.

ಇಂತಿ,
ಸಾಫ್ಟ್‌ಬಾಲ್ ಸ್ಕೋರರ್ ಮತ್ತು ಅಂಪೈರ್ ಓದುಗರು